ಮಕ್ಕಳ ಸ್ಲೆಡ್ಡಿಂಗ್: ಮೊದಲು ಗುಡ್ಡ ನೋಡಿ, ಆಮೇಲೆ ಸ್ಲೆಡ್

ಪ್ರಶ್ನೆ: ನಾವು ದಾವಣಗೆರೆಯವರು. ಕೆನಡಾದ ಟೊರೊಂಟೊಗೆ ಬಂದ ಮೇಲೆ ಇದೇ ಮೊದಲ ಚಳಿಗಾಲ. ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ ಇಬ್ಬರೂ ಸ್ಲೆಡ್ಡಿಂಗ್‌ಗೆ (ಸ್ನೋ ಬಿದ್ದ ಗುಡ್ಡದ ಮೇಲಿಂದ ಸ್ಲೆಡ್ ಅನ್ನುವ ಜಾರುಬಂಡಿಯಲ್ಲಿ ಕೂತು ಜಾರುವ ಆಟ) ಹೋಗೋಣ ಅಂತ ಹಟ ಹಿಡಿದಿದ್ದಾರೆ. ಕರೆದುಕೊಂಡು ಹೋಗಬಹುದಾ? ಯಾವ ಸ್ಲೆಡ್ ತಗೊಳ್ಳಬೇಕು?

ಖಂಡಿತ ಹೋಗಿ. ಅಷ್ಟು ಉದ್ದದ ಚಳಿಗಾಲದಲ್ಲಿ ಮಕ್ಕಳನ್ನು ಮನೆಯೊಳಗೇ ಕೂಡಿಹಾಕೋಕೆ ಆಗಲ್ಲ, ಕೂಡಿಹಾಕಲೂಬಾರದು. ಆದರೆ ಸ್ಲೆಡ್ ಕೊಳ್ಳುವ ಮೊದಲು ಗುಡ್ಡ ಆರಿಸಿಕೊಳ್ಳಿ.

ಸ್ಲೆಡ್ಡಿಂಗ್‌ನಲ್ಲಿ ಜೋರು ಪೆಟ್ಟಾಗುವುದು ಬಹುಪಾಲು ಜಾರುವಾಗ ಅಲ್ಲ, ಜಾರಿ ಹೋಗಿ ಏನಕ್ಕಾದರೂ ಗುದ್ದಿದಾಗ. ಅಮೆರಿಕದಲ್ಲಿ 1997ರಿಂದ 2007ರವರೆಗಿನ ಲೆಕ್ಕ ತೆಗೆದ ಒಂದು ಅಧ್ಯಯನದ ಪ್ರಕಾರ, ವರ್ಷಕ್ಕೆ ಸರಾಸರಿ 20 ಸಾವಿರಕ್ಕೂ ಜಾಸ್ತಿ ಮಕ್ಕಳು ಸ್ಲೆಡ್ಡಿಂಗ್ ಪೆಟ್ಟಿಗಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದರು. ಅರ್ಧಕ್ಕೂ ಹೆಚ್ಚು ಮಂದಿಗೆ ಗುದ್ದಿಯೇ ಪೆಟ್ಟಾಗಿತ್ತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ತಲೆ.

ಹಾಗಾಗಿ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿ. ದಾರಿಯಲ್ಲಿ ಮರ, ಬೆಂಚು, ಬೇಲಿ, ಕಂಬ ಇವೆಯಾ? ಇಳಿಜಾರು ಮುಗಿದ ಮೇಲೆ ಸ್ಲೆಡ್ ತಾನಾಗಿ ನಿಲ್ಲುವಷ್ಟು ಉದ್ದದ ಬಯಲು ಇದೆಯಾ? ರಸ್ತೆ, ಪಾರ್ಕಿಂಗ್, ಕೆರೆ, ತೊರೆ ಹತ್ತಿರ ಇದ್ದರೆ ಆ ಗುಡ್ಡ ಬೇಡವೇ ಬೇಡ. ನಿಮ್ಮ ಊರಲ್ಲಿ ಈ ಕೆಲಸ ಸ್ವಲ್ಪ ಸುಲಭ. 2024ರ ಜನವರಿಯಲ್ಲಿ ಟೊರೊಂಟೊ ನಗರಾಡಳಿತ 45 ಗುಡ್ಡಗಳಲ್ಲಿ ಸ್ಲೆಡ್ಡಿಂಗ್ ಬೇಡ ಅಂತ ಬೋರ್ಡು ಹಾಕಿ, 29 ಗುಡ್ಡಗಳನ್ನು ಉಳಿಸಿಕೊಂಡಿತು. ಆಗ ತುಂಬಾ ಜನ ಸಿಟ್ಟಾದರು. ಆದರೂ ಹೊಸದಾಗಿ ಬಂದವರಿಗೆ ಅಂಥ ಪಟ್ಟಿ ಉಪಕಾರವೇ ಅಂತ ನನಗನ್ನಿಸುತ್ತದೆ. ಈ ವರ್ಷದ ಪಟ್ಟಿ ನೋಡಿಕೊಂಡೇ ಹೊರಡಿ.

ಒಳ್ಳೆ ಗುಡ್ಡವೂ ದಿನಕ್ಕೊಂದು ಥರ ಇರುತ್ತದೆ. ಹಗಲು ಸ್ನೋ ಸ್ವಲ್ಪ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಮೇಲ್ಪದರ ಗಟ್ಟಿ ಐಸ್ ಆಗುತ್ತದೆ. ಅದರ ಮೇಲೆ ಸ್ಲೆಡ್ ಹಿಡಿತಕ್ಕೇ ಸಿಗಲ್ಲ. ಬಿದ್ದರೂ ಸಿಮೆಂಟಿನ ಮೇಲೆ ಬಿದ್ದ ಹಾಗೆಯೇ. ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡಿ. ಮೆತ್ತಗೆ ಒಳಗಿಳಿದರೆ ಸರಿ. ಟಕ್ ಅಂತ ಸದ್ದಾಗಿ ಗುರುತೇ ಬೀಳದಿದ್ದರೆ ಅವತ್ತು ವಾಪಸ್ ಬನ್ನಿ. ಮಕ್ಕಳು ಅಳುತ್ತಾರೆ, ಅಳಲಿ.

ಇನ್ನು ಸ್ಲೆಡ್. ದುಂಡಗಿನ ಡಿಸ್ಕ್ ಮತ್ತು ಗಾಳಿ ತುಂಬಿದ ಟ್ಯೂಬ್ ಅಗ್ಗ, ನೋಡೋಕೂ ಚೆಂದ. ಆದರೆ ಅವು ತಿರುಗುತ್ತಾ ಹೋಗುತ್ತವೆ. ಅರ್ಧ ದಾರಿಯಲ್ಲಿ ಮಗುವಿನ ಬೆನ್ನು ಮುಂದಾಗಿ, ಎದುರಿಗೆ ಏನಿದೆ ಅಂತಲೇ ಗೊತ್ತಾಗಲ್ಲ. ತಿರುಗಿಸೋಕೆ, ನಿಲ್ಲಿಸೋಕೆ ಆಗುವ ಸ್ಲೆಡ್ಡನ್ನೇ ತಗೊಳ್ಳಿ. ಕೂತು, ಕಾಲು ಮುಂದೆ ಚಾಚಿಯೇ ಜಾರಬೇಕು. ಬೋರಲು ಮಲಗಿ ತಲೆ ಮುಂದಿಟ್ಟುಕೊಂಡು ಹೋಗೋಕೆ ಯಾವತ್ತೂ ಬಿಡಬೇಡಿ. ಎದುರಿಗೆ ಏನಾದರೂ ಅಡ್ಡ ಬಂದರೆ ಸ್ಲೆಡ್ ಬಿಟ್ಟು ಪಕ್ಕಕ್ಕೆ ಉರುಳಿಬಿಡಬೇಕು. ಇದನ್ನು ಮೊದಲು ಸಮತಟ್ಟು ಜಾಗದಲ್ಲಿ ಆಟದ ಹಾಗೆ ಮಾಡಿಸಿ, ಮಕ್ಕಳು ನಕ್ಕೊಂಡು ಕಲಿಯುತ್ತಾರೆ. ಮಗನಿಗೆ ಇನ್ನೂ ನಾಲ್ಕು ವರ್ಷ. ಅವನನ್ನು ಒಬ್ಬನೇ ಬಿಡಬೇಡಿ, ನಿಮ್ಮ ಜೊತೆ ಕೂರಿಸಿಕೊಳ್ಳಿ. ಅವನ ಕಾಲು ಸ್ಲೆಡ್ಡಿನ ಒಳಗೇ ಇರಲಿ. ಮತ್ತೆ ಮೇಲೆ ಹತ್ತುವಾಗ ಅಂಚಿನಲ್ಲೇ ನಡೆಯಿರಿ, ಜಾರುವ ದಾರಿಯಲ್ಲಿ ಅಲ್ಲ. ಕಾರಿಗೆ ಸ್ಲೆಡ್ ಕಟ್ಟಿ ಎಳೆಯುವುದಂತೂ ಕೂಡದು.

ಹೆಲ್ಮೆಟ್ ಇಬ್ಬರಿಗೂ ಬೇಕು. ಸ್ಕೀ ಅಥವಾ ಐಸ್ ಹಾಕಿ ಆಟದ ಹೆಲ್ಮೆಟ್ ಒಳ್ಳೆಯದು. ಊರಿಂದ ಅಜ್ಜಿ ಕಳಿಸಿದ ದಪ್ಪ ಉಲನ್ ಮಂಕಿ ಕ್ಯಾಪ್ ಮೇಲೆ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರಲ್ಲ, ಒಳಗೆ ತೆಳು ಟೋಪಿ ಸಾಕು. ಉದ್ದ ಮಫ್ಲರ್ ಬೇಡ, ಎಲ್ಲಾದರೂ ಸಿಕ್ಕಿಕೊಂಡು ಕುತ್ತಿಗೆ ಬಿಗಿಯಬಹುದು. ಕುತ್ತಿಗೆಗೆ ಕೊಳವೆಯ ಹಾಗೆ ಸುತ್ತ ಕೂರುವ ನೆಕ್ ವಾರ್ಮರ್ ಹಾಕಿ. ಮೈಗೆ ಅಂಟಿರುವ ಬಟ್ಟೆ ಕಾಟನ್ ಆಗಿದ್ದರೆ ಬೆವರಿಗೆ ಒದ್ದೆಯಾಗಿ ಚಳಿ ಹಿಡಿಯುತ್ತದೆ. ಇನ್ನೊಂದು ಜೊತೆ ಗ್ಲೌಸ್ ಬ್ಯಾಗಿನಲ್ಲಿರಲಿ. ಉಷ್ಣಾಂಶ ಮೈನಸ್ 25ಕ್ಕಿಂತ ಕೆಳಗಿಳಿದರೆ, ಅಥವಾ ಗಾಳಿ ಸೇರಿ ಮೈನಸ್ 28ರಷ್ಟು ಚಳಿಯಾದರೆ, ಮಕ್ಕಳು ಒಳಗೇ ಆಡಲಿ ಅನ್ನುವುದು ಕೆನಡಾದ ಮಕ್ಕಳ ವೈದ್ಯರ ಸಂಘದ ಸಲಹೆ.

ಮಕ್ಕಳು ಸುಸ್ತಾಗುವ ಮೊದಲೇ ಹೊರಡಿ. ಹತ್ತಿ ಹತ್ತಿ ಕಾಲು ಸೋತ ಮೇಲೆ ಅವರಿಗೆ ಸ್ಲೆಡ್ ತಿರುಗಿಸುವ ಗಮನವೂ ಇರಲ್ಲ. ಫ್ಲಾಸ್ಕಿನಲ್ಲಿ ಬಿಸಿ ಬಾದಾಮಿ ಹಾಲು ಇದ್ದರೆ ಕರೆಯುವುದು ಸುಲಭ, ಅಲ್ವಾ? ಕಾರಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ಬಿಚ್ಚಿ ಬೆಲ್ಟ್ ಹಾಕಿ, ಜಾಕೆಟ್ ಮೇಲಿನಿಂದ ಹೊದಿಸಿ. ಅದರ ಮೇಲೆಯೇ ಬೆಲ್ಟ್ ಹಾಕಿದರೆ ಬಿಗಿಯಾದ ಹಾಗೆ ಕಂಡರೂ ಒಳಗೆ ಸಡಿಲ ಇರುತ್ತದೆ.