ವಕೀಲರ ಕಚೇರಿಗಳು ಒಂದಾದರೆ ನಮ್ಮ ವಕಾಲತ್ತು ಏನಾಗುತ್ತದೆ?

ಪ್ರಶ್ನೆ: ಕೋಲಾರದಲ್ಲಿ ನಮ್ಮ ಪಾಲು ವಿಭಾಗದ ದಾವೆ ನಡೆಯುತ್ತಿದೆ. ನಮ್ಮ ವಕೀಲರು ಚಿಕ್ಕಬಳ್ಳಾಪುರದ ಕಚೇರಿಯೊಂದರ ಜೊತೆ ಸೇರಿ ಹೊಸ ಬೋರ್ಡು ಹಾಕಿದ್ದಾರೆ. ವಕಾಲತ್ತಿಗೆ ಮತ್ತೆ ಸಹಿ ಹಾಕಬೇಕೆ?

ಉತ್ತರ: ಅದೇ ವಕೀಲರು ಕೇಸು ನಡೆಸುವುದಾದರೆ ಬೇಡ. ವಕಾಲತ್ತು ಎಂದರೆ ನಿಮ್ಮ ಪರವಾಗಿ ಕೇಸು ನಡೆಸಲು ನೀವು ಸಹಿ ಮಾಡಿ ಕೊಡುವ ಅಧಿಕಾರ ಪತ್ರ; ಅದನ್ನು ಕೊಟ್ಟಿರುವುದು ವಕೀಲರಿಗೆ, ಬೋರ್ಡಿಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶ, 4ನೇ ನಿಯಮದ ಪ್ರಕಾರ ನ್ಯಾಯಾಲಯದ ಅನುಮತಿ ಪಡೆದು ರದ್ದು ಮಾಡುವವರೆಗೆ, ಇಲ್ಲವೇ ಕಕ್ಷಿದಾರರೋ ವಕೀಲರೋ ತೀರಿಕೊಳ್ಳುವವರೆಗೆ, ಅಥವಾ ದಾವೆ ಮುಗಿಯುವವರೆಗೆ ಅದು ಊರ್ಜಿತ. ಅವರ ಪರವಾಗಿ ಹೊಸ ಕಚೇರಿಯ ಇನ್ನೊಬ್ಬರು ಬಂದು ವಾದ ಮಾಡಬಹುದು. ಕೇಸನ್ನೇ ಅವರಿಗೆ ವಹಿಸುವುದಾದರೆ ಮಾತ್ರ ಹೊಸ ವಕಾಲತ್ತು ಬೇಕು.

ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಎದುರು ಪಾರ್ಟಿಯ ವಕೀಲರೂ ಈಗ ಅದೇ ಕಚೇರಿಯವರೇ? 2007ರವರೆಗೆ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಣ್ಣನ ಜಮೀನು ಮುಳಬಾಗಿಲಲ್ಲಿ, ತಮ್ಮನದು ಚಿಂತಾಮಣಿಯಲ್ಲಿ, ಇಬ್ಬರಿಗೂ ಬೇರೆ ಬೇರೆ ಕಡೆ ವಕೀಲರು ಎಂಬ ಮನೆಗಳು ಇಲ್ಲಿ ಅಪರೂಪವಲ್ಲ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ, ದಾವಾ ಪತ್ರವನ್ನೋ ತಕರಾರನ್ನೋ (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ) ಬರೆದುಕೊಟ್ಟ ವಕೀಲರು ಎದುರು ಪಕ್ಷಕ್ಕೆ ಹಾಜರಾಗುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 33ನೇ ನಿಯಮ ಇದು. ವಾದಿಯ ವಕೀಲರು ಒಬ್ಬರು, ಪ್ರತಿವಾದಿಯ ವಕೀಲರು ಇನ್ನೊಬ್ಬರು, ಆದರೆ ಫೀಸು ಹಂಚಿಕೊಳ್ಳುವ ಪಾಲುದಾರರು ಎಂದರೂ ಒಪ್ಪಬೇಡಿ. ಎರಡು ಕಡತಗಳು ಒಂದೇ ಬೀರುವಿನಲ್ಲಿದ್ದರೆ ನಿಮ್ಮ ರಾಜಿಯ ಮೊತ್ತ, ಸಾಕ್ಷಿಗಳ ಪಟ್ಟಿ ಗುಟ್ಟಾಗಿ ಉಳಿಯುವುದು ಕಷ್ಟ. ಎಲ್ಲ ಪ್ರತಿವಾದಿಗಳ ಹೆಸರು ಬರೆದುಕೊಟ್ಟು, ‘ಇವರ ಯಾವ ಕೇಸೂ ನಮ್ಮಲ್ಲಿಲ್ಲ’ ಎಂದು ಲಿಖಿತವಾಗಿ ಪಡೆಯಿರಿ.

ವಕೀಲರನ್ನು ಬದಲಿಸುವುದಾದರೆ ಹೊಸಬರು ಹಳಬರ ಒಪ್ಪಿಗೆ ತರಬೇಕು. ಒಪ್ಪದಿದ್ದರೆ ಕಾರಣ ಹೇಳಿ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಕಚೇರಿಗಳ ಒಳಗಿನ ಲೆಕ್ಕ ಹೀಗೆ: 1932ರ ಪಾಲುದಾರಿಕೆ ಕಾಯ್ದೆಯಡಿ ಹಳೆಯ ಸಂಸ್ಥೆಗೇ ಹೊಸ ಪಾಲುದಾರರನ್ನು ಸೇರಿಸಿಕೊಳ್ಳಬಹುದು, ಅಥವಾ ಎರಡನ್ನೂ ವಿಸರ್ಜಿಸಿ ಹೊಸ ಪಾಲುದಾರಿಕೆ ಪತ್ರ ಬರೆಯಬಹುದು. ವಕೀಲರಲ್ಲದವರು ಪಾಲುದಾರರಾಗುವಂತಿಲ್ಲ. ಎರಡನೆಯ ದಾರಿ ಹಿಡಿದಿದ್ದರೆ ನಿಮ್ಮ ಮುಂಗಡ ಫೀಸು ಯಾರ ಲೆಕ್ಕಕ್ಕೆ ಹೋಯಿತೆಂದು ರಸೀದಿ ತೋರಿಸಿ ಕೇಳಿ.

ಕಡತಗಳು ಊರು ಬದಲಿಸುವ ಮುನ್ನ ಮೂಲ ಕ್ರಯಪತ್ರ, ಪಾಲುಪಟ್ಟಿ, ಹಳೆಯ ಪಹಣಿಗಳನ್ನು ಎಣಿಸಿ ಪಟ್ಟಿ ಮಾಡಿ, ಆ ಪಟ್ಟಿಯ ಪ್ರತಿ ಪುಟಕ್ಕೂ ವಕೀಲರ ಸಹಿ ಹಾಕಿಸಿಕೊಳ್ಳಿ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಕೇಸಿನ ಗುರುತಿನ ಸಂಖ್ಯೆಯಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಹಾಕಿದರೆ ಮುಂದಿನ ವಾಯಿದೆಯೂ ವಕೀಲರ ಹೆಸರೂ ಕಾಣುತ್ತದೆ.