ಡೆಮಾಕ್ರಟ್ ಅಂತ ಟಿಕ್ ಹಾಕಿದ ಮೇಲೆ ಬೇರೆಯವರಿಗೆ ವೋಟ್ ಹಾಕಬಹುದಾ?

ಓದುಗರ ಪ್ರಶ್ನೆ: "ಅಕ್ಕ, ಹೋದ ತಿಂಗಳು ಸಿಟಿಜನ್‌ಶಿಪ್ ಸಿಕ್ಕಿತು. ವೋಟರ್ ರಿಜಿಸ್ಟ್ರೇಶನ್ ಫಾರಂನಲ್ಲಿ ಯಾವ ಪಾರ್ಟಿ ಅಂತ ಕೇಳಿದ್ದರು, ಡೆಮಾಕ್ರಟಿಕ್ ಅಂತ ಹಾಕಿಬಿಟ್ಟೆ. ಈಗ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಹಾಕೋಣ ಅನ್ನಿಸ್ತಿದೆ. ಹಾಕಿದ್ರೆ ವೋಟ್ ಕ್ಯಾನ್ಸಲ್ ಆಗುತ್ತಾ? ಅವರಿಗೆ ಗೊತ್ತಾಗುತ್ತಾ?"

ಕ್ಯಾನ್ಸಲ್ ಆಗೋದಿಲ್ಲ. ಯಾರಿಗೂ ಗೊತ್ತಾಗೋದೂ ಇಲ್ಲ. ನಿಮಗೆ ಯಾರು ಬೇಕೋ ಅವರಿಗೆ ಹಾಕಿ.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ರಾಜ್ಯೋತ್ಸವದ ಕಾರ್ಯಕ್ರಮವೂ ಚುನಾವಣೆಯೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೇಳಿದವರು ತಲೆ ಆಡಿಸುತ್ತಾರೆ. ಆಮೇಲೆ "ಹೌದಾ? ಆದರೂ..." ಅಂತ ರಾಗ ಎಳೆಯುತ್ತಾರೆ. ಆ "ಆದರೂ"ಗೆ ಒಂದೇ ಸಲ ಉತ್ತರ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ.

ಈ ತಪ್ಪು ತಿಳುವಳಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಅದು ನಮ್ಮೂರಿಂದಲೇ ಬಂದದ್ದು. ಊರಲ್ಲಿ ಪಾರ್ಟಿ ಅಂದರೆ ಸದಸ್ಯತ್ವ, ರಸೀದಿ, ಶಾಲು. ಪಾರ್ಟಿಗೆ ಸೇರಿದವರು ಬೇರೆ ಕಡೆ ಹೋದರೆ ಅದು ಪಕ್ಷಾಂತರ. 2019ರಲ್ಲಿ ಕರ್ನಾಟಕದಲ್ಲಿ 17 ಶಾಸಕರು ಅನರ್ಹರಾದದ್ದನ್ನು ಟೀವಿ ಮುಂದೆ ಕೂತು ನೋಡಿದ್ದೇವೆ. ಅದೇ ಭಯ ತಲೆಯಲ್ಲಿ ಉಳಿದಿದೆ. ಆದರೆ ಸ್ವಾಮಿ, ವಿಪ್ ಇರುವುದು ಶಾಸಕರಿಗೆ. ಮತದಾರರಿಗೆ ಅಲ್ಲಿಯೂ ವಿಪ್ ಇಲ್ಲ, ಇಲ್ಲಿಯೂ ಇಲ್ಲ.

ಫಾರಂ ಒಂದು ಸಲ ಸರಿಯಾಗಿ ಓದಿ. ನ್ಯೂಜೆರ್ಸಿಯ ಫಾರಂನಲ್ಲಿ ಪಾರ್ಟಿಯ ಪ್ರಶ್ನೆಯ ಪಕ್ಕದಲ್ಲೇ ಐಚ್ಛಿಕ ಅಂತ ಇದೆ. "ನನಗೆ ಯಾವ ಪಾರ್ಟಿಯೂ ಬೇಡ" ಅನ್ನುವುದಕ್ಕೂ ಅಲ್ಲೇ ಒಂದು ಖಾನೆ ಇದೆ. ನಮ್ಮ ರಾಜ್ಯದ ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಯಾವ ಪಾರ್ಟಿಗೂ ಸೇರದೆ ಹಾಯಾಗಿದ್ದಾರೆ. ಟಿಕ್ ಹಾಕಿದ್ದಕ್ಕೆ ನೀವು ದುಡ್ಡು ಕೊಟ್ಟಿಲ್ಲ, ಪ್ರಮಾಣ ಮಾಡಿಲ್ಲ, ಪಾರ್ಟಿಯವರು ನಿಮ್ಮನ್ನು ಒಪ್ಪಿಕೊಂಡು ಸಹಿಯನ್ನೂ ಹಾಕಿಲ್ಲ. ಆ ಟಿಕ್ಕಿಗೆ ಇರುವುದು ಒಂದೇ ಕೆಲಸ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೂ ನಂಬಿಕೆ ಬರದಿದ್ದರೆ ಕೆಂಟಕಿ ರಾಜ್ಯವನ್ನು ನೋಡಿ. ಅಲ್ಲಿ 2022ರ ಜುಲೈ ತನಕ ರಿಪಬ್ಲಿಕನ್ ಅಂತ ಬರೆಸಿದವರಿಗಿಂತ ಡೆಮಾಕ್ರಟ್ ಅಂತ ಬರೆಸಿದವರೇ ಜಾಸ್ತಿ ಇದ್ದರು. ಆದರೆ ಅಧ್ಯಕ್ಷರ ಚುನಾವಣೆಯಲ್ಲಿ 2000ದಿಂದ ಈಚೆಗೆ ಒಂದು ಸಲವೂ ಆ ರಾಜ್ಯ ಡೆಮಾಕ್ರಟರಿಗೆ ಸಿಕ್ಕಿಲ್ಲ. ಟ್ರಂಪ್‌ಗೆ 2016ರಲ್ಲೂ 2020ರಲ್ಲೂ ಅಲ್ಲಿ ಶೇಕಡ 60ಕ್ಕಿಂತ ಜಾಸ್ತಿ ವೋಟ್ ಬಿತ್ತು. ಟಿಕ್ ಹಾಕಿದವರ ವೋಟ್ ಕ್ಯಾನ್ಸಲ್ ಆಗುವುದಾಗಿದ್ದರೆ ಈ ಲೆಕ್ಕ ಹೇಗೆ ಕೂಡುತ್ತೆ ಹೇಳಿ? ತಾತ, ಅಪ್ಪ ಡೆಮಾಕ್ರಟ್ ಅಂತ ಬರೆಸಿದ್ದರು, ಮಕ್ಕಳೂ ಹಾಗೇ ಬರೆಸಿದರು, ವೋಟ್ ಮಾತ್ರ ಬೇರೆ ಕಡೆ ಹೋಯಿತು. ಟ್ರಂಪ್ ಅವರೇ 2001ರಿಂದ 2009ರವರೆಗೆ ಡೆಮಾಕ್ರಟ್ ಅಂತ ನಮೂದಾಗಿದ್ದವರು.

ಒಂದೇ ದಿನ, ಒಂದೇ ಬ್ಯಾಲಟ್‌ನಲ್ಲಿ ಎರಡೂ ಪಾರ್ಟಿಗೆ ಹಂಚಿ ಹಾಕುವವರೂ ಇದ್ದಾರೆ. 2024ರಲ್ಲಿ ಅರಿಜೋನಾ, ಮಿಷಿಗನ್, ವಿಸ್ಕಾನ್ಸಿನ್, ನೆವಾಡಾ ಈ ನಾಲ್ಕೂ ಕಡೆ ಅಧ್ಯಕ್ಷ ಸ್ಥಾನಕ್ಕೆ ಗೆದ್ದದ್ದು ರಿಪಬ್ಲಿಕನ್, ಸೆನೆಟ್‌ಗೆ ಗೆದ್ದದ್ದು ಡೆಮಾಕ್ರಟ್. ಲೋಕಸಭೆಗೆ ಒಬ್ಬರಿಗೆ, ವಿಧಾನಸಭೆಗೆ ಇನ್ನೊಬ್ಬರಿಗೆ ಹಾಕಿ ಅಭ್ಯಾಸ ಇರುವ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

"ಆದರೆ ಅಕ್ಕ, ಪೋಸ್ಟಲ್ ವೋಟ್‌ನ ಕವರ್ ಮೇಲೆ ನನ್ನ ಹೆಸರು, ಸಹಿ ಎಲ್ಲಾ ಇರುತ್ತಲ್ವಾ?" ಇರುತ್ತೆ. ಆದರೆ ಆ ಸಹಿ ಇರುವುದು ಒಳಗಿನ ಕವರಿಗೆ ಅಂಟಿಕೊಂಡಿರುವ ಪಟ್ಟಿಯ ಮೇಲೆ, ಬ್ಯಾಲಟ್ ಮೇಲೆ ಅಲ್ಲ. ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಚುನಾವಣಾ ಕಚೇರಿಯಲ್ಲಿ ಮೊದಲು ಸಹಿ ತಾಳೆ ನೋಡಿ ಆ ಪಟ್ಟಿಯನ್ನು ಬೇರೆ ಮಾಡುತ್ತಾರೆ. ಹೆಸರಿಲ್ಲದ ಕವರ್ ತೆರೆಯುವುದು ಅದಾದ ಮೇಲೆ. ನೀವು ಮಾತ್ರ ಮನೆಯಲ್ಲಿ ಕೂತು ಆ ಪಟ್ಟಿಯನ್ನು ಹರಿದು ಕಳಿಸಬೇಡಿ. ಗುಟ್ಟು ಕಾಪಾಡಲು ಹೋಗಿ ವೋಟನ್ನೇ ಕಳೆದುಕೊಳ್ಳುತ್ತೀರಿ.

ಇನ್ನೊಂದು "ಆದರೂ". "ಮೊನ್ನೆ ಯಾರೋ ಬಾಗಿಲು ತಟ್ಟಿ ನನ್ನ ಹೆಸರು ಹಿಡಿದು ಕೇಳಿದರು. ಅವರಿಗೆ ಹೇಗೆ ಗೊತ್ತು?" ಮತದಾರರ ಪಟ್ಟಿ ಇಲ್ಲಿ ಗುಟ್ಟಲ್ಲ. ನಿಮ್ಮ ಹೆಸರು, ವಿಳಾಸ, ಪಾರ್ಟಿ, ಯಾವ ಯಾವ ಚುನಾವಣೆಗೆ ಹೋಗಿದ್ದಿರಿ ಅನ್ನುವುದನ್ನೆಲ್ಲ ಪ್ರಚಾರದವರು ತರಿಸಿಕೊಳ್ಳುತ್ತಾರೆ. ಅಕ್ಟೋಬರ್‌ನಲ್ಲಿ ಟಪಾಲು ಡಬ್ಬ ತುಂಬುವುದು, ಫೋನಿಗೆ ಮೆಸೇಜ್ ಮೇಲೆ ಮೆಸೇಜ್ ಬರುವುದು ಇದರಿಂದಲೇ. ನೀವು ಬಂದಿರಾ ಅನ್ನುವುದು ದಾಖಲಾಗುತ್ತೆ. ಯಾರಿಗೆ ಹಾಕಿದಿರಿ ಅನ್ನುವುದು ಎಲ್ಲೂ ದಾಖಲಾಗುವುದಿಲ್ಲ. ಇವೆರಡನ್ನು ಕಲಸಿಕೊಂಡರೆ ಸುಮ್ನೆ ಹೆದರಿಕೆ.

ಸರಿ, ಆ ಟಿಕ್ ಯಾಕೆ ಇದೆ? ಪ್ರೈಮರಿಗಾಗಿ. ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಬೆಂಗಳೂರಿನಿಂದ ದೆಹಲಿಗೆ ವಿಮಾನ, ಮಧ್ಯರಾತ್ರಿ ಪಟ್ಟಿ, ಬೆಳಗ್ಗೆ ಕಣ್ಣೀರು. ಇಲ್ಲಿ ಟಿಕೆಟ್ ಯಾರಿಗೆ ಅಂತ ಮತದಾರರೇ ವೋಟ್ ಹಾಕಿ ತೀರ್ಮಾನಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಅದು ಜೂನ್ ತಿಂಗಳಲ್ಲಿ. ಡೆಮಾಕ್ರಟ್ ಅಂತ ಬರೆಸಿದವರಿಗೆ ಡೆಮಾಕ್ರಟಿಕ್ ಪ್ರೈಮರಿ, ರಿಪಬ್ಲಿಕನ್ನರಿಗೆ ಅವರದು. ಎರಡೂ ಬೇಡ ಅಂದವರು ಅವತ್ತು ಮತಗಟ್ಟೆಯಲ್ಲೇ ಒಂದನ್ನು ಆರಿಸಿಕೊಳ್ಳಬಹುದು, ಅಲ್ಲಿಂದ ಆ ಪಾರ್ಟಿಯ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ 55 ದಿನ ಮೊದಲೇ ಫಾರಂ ಕೊಟ್ಟಿರಬೇಕು. ಟೆಕ್ಸಾಸ್, ವರ್ಜೀನಿಯಾದಂಥ ಕಡೆ ರಿಜಿಸ್ಟ್ರೇಶನ್‌ನಲ್ಲಿ ಪಾರ್ಟಿ ಕೇಳುವುದೇ ಇಲ್ಲ. ಡಲ್ಲಾಸ್‌ನ ನಿಮ್ಮ ಭಾವ "ಹಂಗೇನೂ ಇಲ್ವಲ್ಲ" ಅಂದರೆ ಅವರು ಹೇಳುವುದೂ ನಿಜವೇ. ಇಲ್ಲಿ ರಾಜ್ಯಕ್ಕೊಂದು ಕಾನೂನು, ದೇಶಕ್ಕೆಲ್ಲ ಸೇರಿ ಚುನಾವಣೆ ನಡೆಸುವ ನಮ್ಮಂಥ ಆಯೋಗ ಇಲ್ಲ.

ಈ ದಿನಾಂಕದ ವಿಷಯ ತಮಾಷೆ ಅಲ್ಲ. 2016ರ ಏಪ್ರಿಲ್ 19ರಂದು ನ್ಯೂಯಾರ್ಕ್ ಪ್ರೈಮರಿ. ಟ್ರಂಪ್ ಅವರ ಮಗಳು ಇವಾಂಕಾ, ಮಗ ಎರಿಕ್ ಇಬ್ಬರೂ ಸ್ವಂತ ಅಪ್ಪನಿಗೆ ವೋಟ್ ಹಾಕಲು ಆಗಲಿಲ್ಲ. ರಿಪಬ್ಲಿಕನ್ ಅಂತ ಬದಲಾಯಿಸಿಕೊಳ್ಳುವ ಗಡುವು ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದುಹೋಗಿತ್ತು. ನವೆಂಬರ್‌ಗೆ ಬೆಲೆಯಿಲ್ಲದ ಆ ಟಿಕ್ಕಿಗೆ ಪ್ರೈಮರಿಯಲ್ಲಿ ಇಷ್ಟು ಬೆಲೆ.

ನಮ್ಮವರು ಪ್ರೈಮರಿ ಅಂದರೆ ಅಸಡ್ಡೆ ಮಾಡುತ್ತಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಹೋದದ್ದು ಗೊತ್ತಲ್ವಾ? ಡೆಟ್ರಾಯಿಟ್ ಸುತ್ತಲಿನ ಅವರ ಕ್ಷೇತ್ರ ಡೆಮಾಕ್ರಟರ ಕೋಟೆ, ಅಲ್ಲಿ ನವೆಂಬರ್ ಬರೀ ಶಾಸ್ತ್ರ. ನಿಜವಾದ ಕುಸ್ತಿ ನಡೆದದ್ದು 2022ರ ಆಗಸ್ಟ್ ಪ್ರೈಮರಿಯಲ್ಲಿ. ಒಂಬತ್ತು ಜನ ನಿಂತಿದ್ದರು, ಸುಮಾರು ಶೇಕಡ 28 ವೋಟ್ ಸಾಕಾಯಿತು.

ಗ್ರೀನ್ ಕಾರ್ಡ್‌ನವರಿಗೆ ಒಂದೇ ಮಾತು. ಈ ಫಾರಂ ನಿಮಗಲ್ಲ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಕೇಳಿದರೂ ಬೇಡ ಅನ್ನಿ. ಸಿಟಿಜನ್ ಅಂತ ಹೇಳಿಕೊಂಡು ನೋಂದಾಯಿಸಿಕೊಂಡರೆ, ವೋಟ್ ಹಾಕಿದರೆ, ಗ್ರೀನ್ ಕಾರ್ಡ್‌ಗೇ ಕುತ್ತು. ಪ್ರಚಾರಕ್ಕೆ ಸಂಬಳವಿಲ್ಲದೆ ಓಡಾಡಬಹುದು, ದೇಣಿಗೆಯನ್ನೂ ಕೊಡಬಹುದು. ಎಚ್‌-1ಬಿ ಮೇಲೆ ಇರುವವರು ಓಡಾಡಬಹುದು, ದುಡ್ಡು ಕೊಡುವ ಹಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಬೇಕು. ಆದರೆ ಜೂನ್ ಪ್ರೈಮರಿ ಅಂದ ಮೇಲೆ, ಯಾರೂ ಕೇಳದ ಒಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬ್ಯಾಲಟ್‌ನಲ್ಲಿ ಅಭ್ಯರ್ಥಿಯ ಹೆಸರು ಎಲ್ಲಿದೆ ಅನ್ನುವುದು.

ಊರಲ್ಲಿ ವೋಟಿಂಗ್ ಮಷಿನ್ ಮೇಲೆ ಹೆಸರುಗಳಿಗೆ ಒಂದು ಕ್ರಮ ಇದೆ. ಮಾನ್ಯತೆ ಇರುವ ಪಕ್ಷದವರು ಮೊದಲು, ಪಕ್ಷೇತರರು ಕೊನೆಗೆ, ಒಳಗೆ ಅಕ್ಷರಮಾಲೆ. ನ್ಯೂಜೆರ್ಸಿಯ ಪ್ರೈಮರಿಯಲ್ಲಿ ಹಾಗಿರಲಿಲ್ಲ. 21 ಕೌಂಟಿಗಳಲ್ಲಿ 19ರಲ್ಲಿ "ಲೈನ್" ಅಂತ ಇತ್ತು. ಕೌಂಟಿಯ ಪಾರ್ಟಿ ಮುಖಂಡರು ಬೆಂಬಲಿಸಿದವರೆಲ್ಲ, ಸೆನೆಟ್‌ನಿಂದ ಹಿಡಿದು ಕೆಳಗಿನ ಹುದ್ದೆಯ ತನಕ, ಒಂದೇ ಸಾಲಿನಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಮದುವೆ ಊಟದಲ್ಲಿ ಬೀಗರ ಪಂಕ್ತಿ ಇದ್ದ ಹಾಗೆ. ಉಳಿದವರು ದೂರದ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಸಿಗುವ ಜಾಗದಲ್ಲಿ. ಅಂದರೆ ಇಲ್ಲಿಯೂ ಒಂದು ಚಿಕ್ಕ ಹೈಕಮಾಂಡ್ ಇತ್ತು, ಟಿಕೆಟ್ ಬದಲು ಜಾಗ ಹಂಚುತ್ತಿತ್ತು.

2024ರ ಫೆಬ್ರವರಿಯಲ್ಲಿ ಸೆನೆಟ್‌ಗೆ ಸ್ಪರ್ಧಿಸಿದ್ದ ಆಂಡಿ ಕಿಮ್ ಇದರ ವಿರುದ್ಧ ಕೋರ್ಟಿಗೆ ಹೋದರು. ಮಾರ್ಚ್ 29ರಂದು ಫೆಡರಲ್ ನ್ಯಾಯಾಧೀಶ ಜಾಹಿದ್ ಖುರೈಶಿ ಡೆಮಾಕ್ರಟಿಕ್ ಪ್ರೈಮರಿಗೆ ಈ ಲೈನ್ ಬಳಸದಂತೆ ತಡೆದರು. ಕಿಮ್ ಗೆದ್ದು ಸೆನೆಟರ್ ಆದರು. ಮುಂದಿನ ವರ್ಷ ರಾಜ್ಯದ ಶಾಸನಸಭೆಯೂ ಕಾನೂನು ಬದಲಿಸಿತು. ಈಗ ಒಂದೊಂದು ಹುದ್ದೆಗೂ ಒಂದೊಂದು ಚೌಕ, ಅದಕ್ಕೆ ನಿಂತವರೆಲ್ಲ ಅದರೊಳಗೆ.

2025ರ ಜೂನ್‌ನಲ್ಲಿ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಟಿಕೆಟ್‌ಗೆ ಆರು ಜನ ನಿಂತಿದ್ದರು. ನಮ್ಮ ಬೀದಿಯ ಅಂಕಲ್ ಒಬ್ಬರು ಇಲ್ಲಿ ಇಪ್ಪತ್ತು ವರ್ಷದಿಂದ ವೋಟ್ ಹಾಕುತ್ತಿರುವವರು. ಅವತ್ತು ಮತಗಟ್ಟೆಯಿಂದ ಹೊರಗೆ ಬಂದವರು ಸಿಡಿಮಿಡಿ ಅಂತಿದ್ದರು. "ಏನಮ್ಮಾ ಇದು, ಸಾಲೇ ಇಲ್ಲ! ಒಂದೊಂದು ಹೆಸರೂ ಓದಬೇಕಾಯ್ತು."