ಇದು ‘ಟೋಪಿ ಹಾಕೋದು’ ಅಲ್ಲ

ಪ್ರಶ್ನೆ: ‘ಯು ಆರ್ ಟಾಕಿಂಗ್ ಥ್ರೂ ಯುವರ್ ಹ್ಯಾಟ್’ ಅಂದರೆ ‘ನೀನು ನನಗೆ ಟೋಪಿ ಹಾಕ್ತಿದ್ದೀಯ’ ಅಂತಾನಾ?

ಅಲ್ಲ. ಟೋಪಿ ಅಂದ ಕೂಡಲೇ ನಮಗೆ ಮೋಸ ನೆನಪಾಗುತ್ತದೆ, ಅದಕ್ಕೇ ಈ ಗೊಂದಲ. ಟೋಪಿ ಹಾಕುವವನಿಗೆ ನಿಜ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಇಂಗ್ಲಿಷಿನ ಈ ಹ್ಯಾಟಿನವನಿಗೆ ಅದೇ ಗೊತ್ತಿರುವುದಿಲ್ಲ. ಆದರೂ ಎಲ್ಲ ತಿಳಿದವನ ಹಾಗೆ ಮಾತಾಡುತ್ತಾನೆ.

ಒಂದು ದಿನ ಬೆಳಿಗ್ಗೆ ನಮ್ಮ ಕಟ್ಟಡದ ನೀರಿನ ಮೋಟಾರ್ ಸ್ಟಾರ್ಟ್ ಆಗಲಿಲ್ಲ. ಮೇಲಿನ ಮನೆಯ ಯಜಮಾನರು ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು: “ಕಾಯಿಲ್ ಸುಟ್ಟಿದೆ ರೀ. ರಿವೈಂಡಿಂಗ್ ಮಾಡಿಸ್ಬೇಕು, ನಾಲ್ಕು ಸಾವಿರಕ್ಕೆ ಕಡಿಮೆ ಆಗಲ್ಲ.” ಕೆಳಗಿಳಿದು ನೋಡಿಯೂ ಇರಲಿಲ್ಲ. ನಾವು ಮನೆಮನೆಗೆ ಹೋಗಿ ದುಡ್ಡು ಕೂಡಿಸೋಕೆ ಶುರು ಮಾಡಿದೆವು. ಎಲೆಕ್ಟ್ರಿಷಿಯನ್ ಬಂದ, ಫ್ಯೂಸ್ ಕಿತ್ತು ನೋಡಿದ, ಹೊಸ ತಂತಿ ಹಾಕಿದ. ಮೋಟಾರ್ ಓಡಿತು. ಯಜಮಾನರು ಸುಳ್ಳು ಹೇಳಿದ್ದರಾ? ಇಲ್ಲ ಪಾಪ, ನಂಬಿಯೇ ಹೇಳಿದ್ದರು. ಟಾಕಿಂಗ್ ಥ್ರೂ ಹಿಸ್ ಹ್ಯಾಟ್ ಅಂದರೆ ಇದೇ.

ಕನ್ನಡದಲ್ಲಿ ‘ಬುರುಡೆ ಬಿಡು’, ‘ರೈಲು ಬಿಡು’ ಹತ್ತಿರ ಬರುತ್ತವೆ, ಆದರೆ ಅವುಗಳಲ್ಲಿ ಜಂಬ ಜಾಸ್ತಿ. ‘ಕಾಗೆ ಹಾರಿಸು’ ಅಪ್ಪಟ ಸುಳ್ಳು. ‘ತಲೆಬುಡ ಗೊತ್ತಿಲ್ಲದೆ ಮಾತಾಡು’ ಅನ್ನೋದು ಸರಿಯಾಗಿ ಕೂರುತ್ತದೆ. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಗಾದೆ ಆಗಲ್ವಾ ಅಂತ ಕೇಳಬಹುದು. ಅದು ಹೇಳಿದವನಿಗಿಂತ ಕೇಳಿಸಿಕೊಂಡವನಿಗೆ ಹೆಚ್ಚು ಒಪ್ಪುತ್ತದೆ. ದುಡ್ಡು ಕೂಡಿಸಲು ಹೊರಟ ನಮ್ಮಂಥವರಿಗೆ!

ಈ ನುಡಿಗಟ್ಟು ಅಮೆರಿಕದ್ದು. 1888ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬೀದಿಯ ಆಡುಮಾತಿನ ಧಾಟಿಯಲ್ಲೇ ಅಚ್ಚಾಗಿದೆ. ಅಲ್ಲಿ ಅದರ ಅರ್ಥ ‘ಬರೀ ಬ್ಲಫ್ ಮಾಡ್ತಿದ್ದಾರೆ’ ಅಂತ. ತಿಳಿಯದೆ ಮಾತಾಡುವುದು ಅನ್ನುವ ಅರ್ಥ ಗಟ್ಟಿಯಾದದ್ದು ಆಮೇಲೆ.

ಹ್ಯಾಟ್ ಯಾಕೆ ಬಂತು ಅನ್ನೋದಕ್ಕೆ ಒಂದು ಕಥೆ ಇದೆ. ಅದೇ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದ ಬೆಂಜಮಿನ್ ಹ್ಯಾರಿಸನ್ ಅವರ ಅಜ್ಜನೂ 1841ರಲ್ಲಿ ಅಧ್ಯಕ್ಷರಾಗಿದ್ದವರು. ಅಜ್ಜನ ದೊಡ್ಡ ಹ್ಯಾಟಿನೊಳಗೆ ಮುಳುಗಿದ ಪುಟ್ಟ ಮೊಮ್ಮಗನನ್ನು ‘ಪಕ್’ ಪತ್ರಿಕೆಯ ವ್ಯಂಗ್ಯಚಿತ್ರಕಾರರು ಮತ್ತೆ ಮತ್ತೆ ಬರೆದರು. ಮಾತು ಅಲ್ಲಿಂದಲೇ ಹುಟ್ಟಿತು ಅನ್ನುತ್ತಾರೆ. ಚಿತ್ರಗಳೇನೋ ನಿಜ, ಹುಟ್ಟಿನ ಕಥೆಗೆ ಮಾತ್ರ ಗಟ್ಟಿ ಆಧಾರ ಇಲ್ಲ.

ಬಳಸುವಾಗ ಸ್ವಲ್ಪ ಜೋಪಾನ. ಗೆಳೆಯರ ನಡುವೆ ತಮಾಷೆ, ಬಾಸ್‌ಗೆ ಹೇಳಿದರೆ ಒರಟು. ಇದನ್ನು ‘ಆಫ್ ದ ಟಾಪ್ ಆಫ್ ಮೈ ಹೆಡ್’ ಜೊತೆ ಕಲಸಬೇಡಿ. ಅದನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುತ್ತೇವೆ: ಸರಿಯಾಗಿ ನೋಡಿಲ್ಲ, ಸುಮ್ನೆ ತೋಚಿದ್ದು ಹೇಳ್ತಿದ್ದೀನಿ ಅಂತ. ಮೇಲಿನ ಮನೆಯವರು ಆ ಒಂದು ಮಾತು ಸೇರಿಸಿದ್ದರೆ, ನಾನು ಅವರನ್ನು ಇಲ್ಲಿ ಎಳೆದು ತರುತ್ತಿರಲಿಲ್ಲ.